ಮೊಬೈಲ್ ಒಂದನ್ನೇ ದೂರಿದರೆ ಸಾಲದು

ಕಳೆದ ವರ್ಷ ನಮ್ಮ ಮದ್ರಸದ ಐದನೇ ತರಗತಿಯ ಒಬ್ಬ ಹುಡುಗ ಬೋರ್ಡಿನಲ್ಲಿ ಬರೆದದ್ದನ್ನು ತಪ್ಪು ತಪ್ಪಾಗಿ ಇಳಿಸಿಕೊಳ್ಳುತ್ತಿದ್ದ. ಗಮನ ಇಲ್ಲ ಅಂತ ಗದರಿದೆವು. ಒಂದೆರಡು ಸಲ ಹಿಂದಿನ ಬೆಂಚಿಗೂ ಕಳಿಸಿದೆವು. ಮೂರು ತಿಂಗಳಾದ ಮೇಲೆ ಅವನ ಉಮ್ಮ ಬಂದು, "ಉಸ್ತಾದರೇ, ಕಣ್ಣು ತೋರಿಸಿದೆವು, ಮೈನಸ್ ಮೂರು ಅಂತೆ" ಎಂದರು. ನಮಗೆ ನಾಚಿಕೆಯಾಯಿತು. ಮೈನಸ್ ಮೂರು ಅಂದರೆ ಸುಮಾರು ಒಂದು ಅಡಿಯ ಆಚೆ ಇರುವುದೆಲ್ಲ ಮಸುಕು. ನಮ್ಮ ಬೋರ್ಡ್ ಇರುವುದು ಹತ್ತು ಹನ್ನೆರಡು ಅಡಿ ದೂರದಲ್ಲಿ.

ಕಡೂರು, ತರೀಕೆರೆ, ಅಜ್ಜಂಪುರ ಎಲ್ಲಿ ಯಾರ ಮನೆಗೆ ಹೋದರೂ ಕನ್ನಡಕ ಹಾಕಿದ ಮಗುವೊಂದು ಕಾಣುತ್ತದೆ, ಜೊತೆಗೆ ಒಂದೇ ಮಾತು: "ಮೊಬೈಲ್ ನೋಡಿ ನೋಡಿ ಹೀಗಾಯ್ತು." ಈ ಮಾತು ಪೂರ್ತಿ ಸುಳ್ಳಲ್ಲ. 45 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ವರದಿಯೊಂದು 2025ರಲ್ಲಿ ಬಂತು. ದಿನಕ್ಕೆ ಒಂದು ಗಂಟೆ ಸ್ಕ್ರೀನ್ ಹೆಚ್ಚಾದರೆ ಸಮೀಪದೃಷ್ಟಿಯ ಸಾಧ್ಯತೆ ಸುಮಾರು ಶೇ 21ರಷ್ಟು ಹೆಚ್ಚು ಕಂಡಿತು. 2020ರಲ್ಲಿ ಶಾಲೆ ಮುಚ್ಚಿ, ಮೊಬೈಲೇ ತರಗತಿಯಾದ ದಿನಗಳನ್ನು ನಾವು ಯಾರೂ ಮರೆತಿಲ್ಲ.

ಆದರೆ ಮೊಬೈಲ್ ಬರುವ ಮೊದಲಿನ ಒಂದು ಲೆಕ್ಕ ಇದೆ. ಅದನ್ನು ಓದಿದ ಮೇಲೆ ನಮಗೆ ಸುಮ್ಮನೆ ಕೂರಲು ಆಗಲಿಲ್ಲ. 1993ರಲ್ಲಿ ಇಸ್ರೇಲಿನ ಕಣ್ಣಿನ ವೈದ್ಯರು ಅಲ್ಲಿನ ಯಹೂದಿ ಧಾರ್ಮಿಕ ಶಾಲೆಗಳ ಹದಿಹರೆಯದ ಮಕ್ಕಳನ್ನು ಪರೀಕ್ಷಿಸಿದರು. ಬೆಳಗಿನಿಂದ ರಾತ್ರಿಯವರೆಗೆ ಗ್ರಂಥದ ಮೇಲೆ ಬಾಗಿ ಓದುವ ಹುಡುಗರಲ್ಲಿ ನೂರಕ್ಕೆ 81 ಮಂದಿಗೆ ಸಮೀಪದೃಷ್ಟಿ ಇತ್ತು. ಅದೇ ಸಮುದಾಯದ ಹುಡುಗಿಯರಲ್ಲಿ ಅದು 36, ಸಾಮಾನ್ಯ ಶಾಲೆಯ ಹುಡುಗರಲ್ಲಿ 27. ಮನೆತನದ ರಕ್ತ ಒಂದೇ, ಊಟ ಒಂದೇ. ಹುಡುಗರ ಓದಿನ ರೀತಿ ಮಾತ್ರ ಬೇರೆ. ಅಂದಮೇಲೆ ಪುಟವಾದರೇನು, ಪರದೆಯಾದರೇನು? ಕಣ್ಣಿಗೆ ಹತ್ತಿರ ಹಿಡಿದು ಗಂಟೆಗಟ್ಟಲೆ ನೋಡುವ ಕೆಲಸ ಎರಡೂ ಕಡೆ ಒಂದೇ.

ಈಗ ನಮ್ಮ ಮಕ್ಕಳ ದಿನ ನೋಡೋಣ. ಸುಬಹಿ ಆಗಿ ಸ್ವಲ್ಪ ಹೊತ್ತಿಗೆ ಮದ್ರಸ. ಅಲ್ಲಿಂದ ಓಡಿ ಶಾಲೆಯ ವ್ಯಾನು. ಸಂಜೆ ಐದಕ್ಕೆ ಮನೆ, ಆಮೇಲೆ ಟ್ಯೂಷನ್, ಕೆಲವು ಕಡೆ ಮಗ್ರಿಬ್ ಆದ ಮೇಲೆ ಮತ್ತೆ ಪಾಠ, ಕೊನೆಗೆ ಹೋಂವರ್ಕ್. ಭಾನುವಾರ ಶಾಲೆಗೆ ರಜೆ, ಆದರೆ ಮದ್ರಸ ಇದೆ. ಶುಕ್ರವಾರ ಮದ್ರಸಕ್ಕೆ ರಜೆ, ಆದರೆ ಶಾಲೆ ಇದೆ. ಈ ಮಗು ಹಗಲು ಬೆಳಕಲ್ಲಿ ಆಡುವುದು ಯಾವಾಗ? ಹೆಣ್ಣುಮಕ್ಕಳದ್ದು ಇನ್ನೂ ಕಷ್ಟ. ಹತ್ತು ವರ್ಷ ದಾಟಿತೆಂದರೆ ಅಂಗಳಕ್ಕೂ ಬಿಡದ ಮನೆಗಳಿವೆ.

ಈ ಅಂಗಳದ ಮಾತು ಸುಮ್ಮನೆ ಹೇಳಿದ್ದಲ್ಲ. ಮಗು ಬೆಳೆಯುವಾಗ ಕಣ್ಣುಗುಡ್ಡೆಯೂ ಬೆಳೆಯುತ್ತದೆ. ಬೇಕಾದ್ದಕ್ಕಿಂತ ಉದ್ದವಾದರೆ ದೂರದ ದೃಶ್ಯ ಅಕ್ಷಿಪಟಲದ ಮೇಲೆ ಬೀಳದೆ ಅದರ ಮುಂದೆಯೇ ಕೂಡಿಕೊಳ್ಳುತ್ತದೆ, ಹಾಗಾಗಿ ದೂರದ್ದು ಮಸುಕು. ಒಮ್ಮೆ ಉದ್ದವಾದ ಕಣ್ಣು ವ್ಯಾಯಾಮದಿಂದಾಗಲಿ ಮನೆಮದ್ದಿನಿಂದಾಗಲಿ ಹಿಂದಕ್ಕೆ ಬರುವುದಿಲ್ಲ. ಆ ಬೆಳವಣಿಗೆಗೆ ಕಡಿವಾಣ ಹಾಕುವುದರಲ್ಲಿ ಹಗಲಿನ ಬೆಳಕಿಗೆ ದೊಡ್ಡ ಪಾತ್ರ ಇದೆ. ಒಳ್ಳೆಯ ಟ್ಯೂಬ್‌ಲೈಟ್ ಇರುವ ತರಗತಿಯ ಬೆಳಕು 300ರಿಂದ 500 ಲಕ್ಸ್, ಹೊರಗೆ ಮರದ ನೆರಳಲ್ಲೂ ಹಲವು ಸಾವಿರ. ಚೀನಾದ ಗುವಾಂಗ್‌ಝೌ ನಗರದಲ್ಲಿ ಒಂದನೇ ತರಗತಿಯ ಮಕ್ಕಳನ್ನು ಶಾಲೆಯ ದಿನಗಳಲ್ಲಿ 40 ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟರು. ಮೂರು ವರ್ಷದ ಕೊನೆಗೆ ಅವರಲ್ಲಿ ನೂರಕ್ಕೆ 30 ಮಕ್ಕಳಿಗೆ ಹೊಸದಾಗಿ ಸಮೀಪದೃಷ್ಟಿ ಬಂದಿತ್ತು, ಹಾಗೆ ಬಿಡದ ಶಾಲೆಗಳಲ್ಲಿ ಸುಮಾರು 40. ತೈವಾನ್ 2010ರಿಂದ ಶಾಲೆಗಳಲ್ಲಿ ದಿನಕ್ಕೆ ಎರಡು ಗಂಟೆ ಹೊರಗಿನ ಬೆಳಕನ್ನು ಉತ್ತೇಜಿಸುವ ಕಾರ್ಯಕ್ರಮವನ್ನೇ ತಂದಿತು. ಕನ್ನಡಕ ಬಂದ ಮೇಲೆ ಬಿಸಿಲಿನ ಪ್ರಯೋಜನ ಅಷ್ಟು ಸ್ಪಷ್ಟವಿಲ್ಲ, ಬರುವ ಮೊದಲೇ ಬಿಡಬೇಕು. ನಮ್ಮ ಬಯಲುಸೀಮೆಯಲ್ಲಿ ಬಿಸಿಲಿಗೆ ಬರವೇ? ತೆಂಗಿನ ಮರದ ಬುಡದಲ್ಲಿ ಕೂತರೂ ಸಾಕು.

ಓದು ಕಡಿಮೆ ಮಾಡಿ ಎಂದು ಉಸ್ತಾದರಾದ ನಾವು ಹೇಳುವುದಿಲ್ಲ. ಬಾಯಿಪಾಠ ಒಪ್ಪಿಸುವಾಗ ಮುಸ್‌ಹಫ್ ನೋಡಬೇಕಾಗಿಲ್ಲ, ಆ ಅರ್ಧ ಗಂಟೆಯನ್ನು ಹೊರಗೆ ನಡೆಸಬಹುದು. ಭಾನುವಾರದ ಪಾಠ ಒಂದು ಗಂಟೆ ಮೊದಲೇ ಬಿಟ್ಟರೆ ಯಾರ ದೀನೂ ಕಮ್ಮಿಯಾಗುವುದಿಲ್ಲ. ಚಿಕ್ಕ ಅಕ್ಷರದ ಮುಸ್‌ಹಫ್ ಬದಲು ದೊಡ್ಡ ಅಕ್ಷರದ್ದು ತರಿಸಬಹುದು. ಜಮಾಅತ್ ಕಮಿಟಿಗಳು ಮಿನಾರಕ್ಕೆ ಬಣ್ಣ ಹೊಡೆಸುವ ಖರ್ಚಿನಲ್ಲಿ ಸ್ವಲ್ಪ ತೆಗೆದು ತರಗತಿಗೆ ಎರಡು ಕಿಟಕಿ ಇಡಿಸಲಿ. ಈ ಮಾತಿಗೆ ನಮ್ಮ ಮೇಲೆ ಕೋಪ ಬಂದರೂ ಪರವಾಗಿಲ್ಲ.

ಇನ್ನು ಕನ್ನಡಕದ ವಿಷಯ. "ಈಗಲೇ ಹಾಕಿದರೆ ಪವರ್ ಏರುತ್ತೆ" ಎಂಬುದು ತಪ್ಪು. ಸರಿಯಾದ ಕನ್ನಡಕ ಕಣ್ಣನ್ನು ಕೆಡಿಸುವುದಿಲ್ಲ. ಮಗಳಿಗೆ ಸಂಬಂಧ ಕೂಡಿ ಬರುವುದಿಲ್ಲ ಅಂತ ಕನ್ನಡಕವನ್ನು ಪೆಟ್ಟಿಗೆಯಲ್ಲಿ ಇಡಿಸುವ ಉಮ್ಮಂದಿರನ್ನು ನಾವು ನೋಡಿದ್ದೇವೆ. ಆ ಹುಡುಗಿ ಬೋರ್ಡ್ ಕಾಣದೆ ಎಸ್ಸೆಸ್ಸೆಲ್ಸಿಯಲ್ಲಿ ಹಿಂದೆ ಬಿದ್ದರೆ ಯಾವ ಸಂಬಂಧ ಅದನ್ನು ತುಂಬಿಕೊಡುತ್ತದೆ? ಪವರ್ ಮೈನಸ್ ಆರು ದಾಟಿದರೆ ದೊಡ್ಡವರಾದ ಮೇಲೆ ಅಕ್ಷಿಪಟಲ ಕಳಚುವಂಥ ಅಪಾಯವೂ ಹೆಚ್ಚು. ಏರುವುದನ್ನು ನಿಧಾನ ಮಾಡುವ ಅಟ್ರೊಪಿನ್ ಹನಿ ಇದೆ, ಆದರೆ ಅದು ಕಣ್ಣಿನ ಡಾಕ್ಟರು ನೋಡಿಯೇ ಕೊಡಬೇಕಾದದ್ದು, ಮೆಡಿಕಲ್ ಶಾಪಿನಲ್ಲಿ ಕೇಳಿ ತರುವಂಥದ್ದಲ್ಲ.

ಟಿವಿ ಹತ್ತಿರ ಹೋಗಿ ಕೂರುವುದು, ಕಣ್ಣು ಕಿರಿದು ಮಾಡಿ ನೋಡುವುದು, ಪಕ್ಕದವನ ಪುಸ್ತಕ ನೋಡಿ ಬರೆಯುವುದು ಕಂಡರೆ ತಡ ಮಾಡಬೇಡಿ. 2013ರಿಂದ ಇರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಮಕ್ಕಳ ದೃಷ್ಟಿಯನ್ನೂ ನೋಡುತ್ತದೆ. ಖಾಸಗಿ ಶಾಲೆಯ ಮಕ್ಕಳ ಪೋಷಕರು ತಾವೇ ಕರೆದುಕೊಂಡು ಹೋಗಬೇಕು.

ನಮ್ಮ ಆ ಹುಡುಗ ಈಗ ಮೊದಲ ಬೆಂಚಿನಲ್ಲಿಲ್ಲ, ಮೂರನೆಯದರಲ್ಲಿ ಕೂತೇ ಬೋರ್ಡ್ ಓದುತ್ತಾನೆ. ಕ್ರಿಕೆಟ್ ಆಡಲು ಹೋಗಿ ಕನ್ನಡಕದ ಒಂದು ಕಾಲು ಮುರಿದುಕೊಂಡು ದಾರ ಕಟ್ಟಿಕೊಂಡಿದ್ದಾನೆ. ಈ ಸಲ ನಾವು ಗದರಲಿಲ್ಲ.