ರಬ್ಬರ್ ಎಲ್ಲರಿಗೂ ಒಂದೇ ತೂಕ ಇರಲಿ



ರಬ್ಬರ್ ವಿಮಾನದ ಸ್ಪರ್ಧೆ ಅಂದ್ರ ಸಾಕು, “ರಬ್ಬರ್ ಜಾಸ್ತಿ ಹಾಕ್ರಿ, ದೂರ ಹೋಗ್ತದ” ಅನ್ನುವವರೇ ಬಹಳ. ಹಿಂಗಾಗಿ ಶಹಾಪುರದ ಬಜಾರದಿಂದ ಪಾಕೀಟುಗಟ್ಟಲೆ ರಬ್ಬರ್ ಬ್ಯಾಂಡ್ ತರುವವರು ಮುಂದೆ, ರೊಕ್ಕ ಇಲ್ಲದವರು ಬರೀ ನೋಡುವವರು. ಇದು ನ್ಯಾಯವಲ್ಲ, ವಿಜ್ಞಾನವೂ ಅಲ್ಲ ಎಂಬುದು ನನ್ನ ಅಭಿಪ್ರಾಯ.

ಯಾಕಂದ್ರ, ರಬ್ಬರಿನಲ್ಲಿ ಎಷ್ಟು ಶಕ್ತಿ ಕೂಡುತ್ತದೆ ಎಂಬುದು ಅದರ ತೂಕದ ಮೇಲೆ ಹೋಗುತ್ತದೆ. ಆ ಶಕ್ತಿ ಹೆಂಗ ಖರ್ಚಾಗಬೇಕು ಎಂಬುದನ್ನು ಎಳೆಗಳು ಹೇಳುತ್ತವೆ. ಪುಂಡಿ ನಾರಿನ ಹಗ್ಗ ಹೊಸೆಯುವವರನ್ನು ಕೇಳ್ರಿ: ಸಣ್ಣ ಹುರಿ ಬಹಳ ಸುತ್ತು ತಡೀತದ, ದಪ್ಪ ಹಗ್ಗ ಸ್ವಲ್ಪಕ್ಕೇ ಬಿಗೀತದ. 40 ಸೆಂ.ಮೀ. ಉದ್ದದ ಎರಡೆಳೆ ರಬ್ಬರನ್ನು ಮಡಚಿ 20 ಸೆಂ.ಮೀ. ಉದ್ದದ ನಾಲ್ಕೆಳೆ ಮಾಡಿದರೆ ತೂಕ ಅಷ್ಟೇ. ಆದರೆ ಪಂಕ ತಿರುಗಿಸುವ ಬಲ ಸುಮಾರು 2.8 ಪಟ್ಟು ಏರುತ್ತದೆ, ಹಿಡಿಯುವ ಸುತ್ತು ಅಷ್ಟೇ ಪಟ್ಟು ಇಳಿಯುತ್ತದೆ. ಎರಡೆಳೆಗೆ 560 ಸುತ್ತು ಹಿಡಿದರೆ ನಾಲ್ಕೆಳೆಗೆ 200 ಮಾತ್ರ! ನಾಲ್ಕೆಳೆ ಭರ್ರನೆ ಏರಿಸಿ ಬೇಗ ಮುಗಿಯುತ್ತದೆ. ಎರಡೆಳೆ ಬಹಳ ಹೊತ್ತು ತಿರುಗುತ್ತದೆ, ಆದರೆ ಭಾರದ ವಿಮಾನವನ್ನು ಎತ್ತಲಾರದು. ಅಂದಮೇಲೆ ಗೆಲ್ಲಬೇಕಾದ್ದು ಲೆಕ್ಕ, ರೊಕ್ಕವಲ್ಲ.

1871ರ ಆಗಸ್ಟ್ 18ರಂದು ಫ್ರಾನ್ಸಿನ ಆಲ್ಫೋನ್ಸ್ ಪೆನೋ ಪ್ಯಾರಿಸ್ಸಿನ ತೋಟವೊಂದರಲ್ಲಿ ಹಾರಿಸಿದ ವಿಮಾನಕ್ಕೂ ತಿರುಚಿದ ರಬ್ಬರೇ ಎಂಜಿನ್. ಅದು 11 ಸೆಕೆಂಡಿನಲ್ಲಿ ಸುಮಾರು 40 ಮೀಟರ್ ಹೋಯಿತು. ಈಗ ಜಗತ್ತಿನ ವೇಕ್‌ಫೀಲ್ಡ್ ವರ್ಗದ ಸ್ಪರ್ಧೆಯಲ್ಲಿ ರಬ್ಬರ್ 30 ಗ್ರಾಂ ಮೀರಬಾರದೆಂಬ ನಿಯಮವಿದೆ. ದೊಡ್ಡವರಿಗೇ ತೂಕದ ಮಿತಿ ಇದ್ದ ಮೇಲೆ ನಮಗ್ಯಾಕ ಬ್ಯಾಡ?

ಆದ್ದರಿಂದ ನನ್ನ ಸಲಹೆ ಇಷ್ಟು. ಪ್ರಯೋಗಶಾಲೆಯ ತಕ್ಕಡಿಯಲ್ಲಿ ತೂಗಿ ಎಲ್ಲರಿಗೂ ಒಂದೇ ರಬ್ಬರನ್ನು ಸಮತೂಕ ಕೊಡಬೇಕು. ಎಷ್ಟೆಳೆ ಮಾಡಬೇಕೆಂಬುದು ಅವರವರ ಜಾಣತನ. ಎಳೆ, ಉದ್ದ, ಸುತ್ತು, ಹಾರಿದ ಸೆಕೆಂಡು, ಇಷ್ಟನ್ನೂ ವಹಿಯಲ್ಲಿ ಬರೆದವರಿಗೆ ಬೇರೆ ಅಂಕ ಇರಲಿ. ತುಸು ಹರಳೆಣ್ಣೆ ಸವರಿದರೆ ಎಳೆಗಳ ತಿಕ್ಕಾಟ ಕಡಿಮೆ. ಮಷಿನ್ ಎಣ್ಣೆ ಬ್ಯಾಡ, ರಬ್ಬರ್ ಉಬ್ಬಿ ಹಾಳಾಗ್ತದ. ನಮ್ಮ ಯಾದಗಿರಿ ಕಡೆಯ ಬಿಸಿಲು ರಬ್ಬರಿಗೂ ವೈರಿ, ಮುಚ್ಚಳದ ಡಬ್ಬಿಯಲ್ಲಿ ನೆರಳಿಗಿಡ್ರಿ. ಗಾಳಿ ಏಳುವ ಮೊದಲು, ಬೆಳಿಗ್ಗೆಯೇ ಸ್ಪರ್ಧೆ ನಡೆಸಿದರೆ ಚಲೋ.

ನಿಮ್ಮ ವಿಚಾರ ಬೇರೆ ಇದ್ದರೆ ಮುಂದಿನ ಸಂಚಿಕೆಗೆ ಬರೆದು ಕೊಡ್ರಿ.

— 10ನೇ ತರಗತಿಯ ಒಬ್ಬ ವಿದ್ಯಾರ್ಥಿನಿ