ಬೋರ್ಡಿಗೆ ಬಂದ ಕನ್ನಡ ಬೋಟಿಗೆ ಬರುವುದು ಯಾವಾಗ?

ಕನ್ನಡದ ಯುವಕ ಯುವತಿಯರೇ,

2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಬೀದಿಗಿಳಿದು ಇಂಗ್ಲಿಷ್ ಬೋರ್ಡುಗಳ ವಿರುದ್ಧ ಕೂಗಿದಿರಿ. 2024ರಲ್ಲಿ ನಾಮಫಲಕದ ಶೇಕಡ 60 ಭಾಗ ಕನ್ನಡದಲ್ಲಿ ಇರಲೇಬೇಕೆಂದು ಕಾನೂನಾಯಿತು. ಗೆದ್ದಿರಿ. ಶಹಬ್ಬಾಸ್! ಈಗ ನನ್ನದೊಂದು ಪ್ರಶ್ನೆ. ಅಂಗಡಿಯ ಹಣೆಯ ಮೇಲೆ ಕನ್ನಡ ಬಂತು, ಸರಿ. ಆ ಅಂಗಡಿಯಲ್ಲಿ ಮಾರುವ ಯಂತ್ರದ ಜೊತೆಗೆ ಕೊಡುವ ಪುಸ್ತಕದಲ್ಲಿ ಕನ್ನಡ ಇದೆಯೇ?

ನಮ್ಮ ಕರಾವಳಿಯ ಕಡೆ ಒಮ್ಮೆ ಕಣ್ಣು ಹಾಯಿಸಿ. ಮಲ್ಪೆಯಲ್ಲಿ ಪ್ರವಾಸಿಗರನ್ನು ಸುತ್ತಿಸುವ ಸ್ಪೀಡ್ ಬೋಟು, ಮುರುಡೇಶ್ವರದಿಂದ ನೇತ್ರಾಣಿಗೆ ಹೋಗುವ ಬೋಟು, ನೆರೆ ಬಂದಾಗ ಜನರನ್ನು ಕರೆತರುವ ರಕ್ಷಣಾ ಬೋಟು. ಇಂಥ ಬೋಟುಗಳ ಹಿಂಬದಿಗೆ ಔಟ್‌ಬೋರ್ಡ್ ಎಂಜಿನ್ ಕೂರಿಸುತ್ತಾರೆ. ದೊಡ್ಡ ಔಟ್‌ಬೋರ್ಡಾದರೆ ಅದನ್ನು ಮೇಲೆ ಕೆಳಗೆ ಓರೆ ಮಾಡಲು ಒಂದು ಸ್ವಿಚ್ಚು ಇರುತ್ತದೆ. ಅದೇ ಟ್ರಿಮ್. ಟ್ರಾಲ್ ಬೋಟಿನ ಡೀಸೆಲ್ ಎಂಜಿನ್ನಿಗೆ ಟ್ರಿಮ್ ಇಲ್ಲ. ಆದರೆ ಆಯಿಲ್ ಪ್ರೆಶರ್ ಮೀಟರು, ಬಿಸಿ ತೋರಿಸುವ ಮೀಟರು ಅದಕ್ಕೂ ಉಂಟು.

ಅಳಿವೆಯ ಬಾಯಲ್ಲಿ ಟ್ರಿಮ್ ಕೈಕೊಟ್ಟರೆ ಏನಾಗುತ್ತದೆ ಗೊತ್ತೇ? ಎಂಜಿನ್ ಮೇಲೇಳದಿದ್ದರೆ ಪ್ರೊಪೆಲ್ಲರು ಮರಳಿಗೆ ಬಡಿಯುತ್ತದೆ. ಕೆಳಗಿಳಿಯದಿದ್ದರೆ ನೀರು ಸಿಗದೆ ಗಾಳಿಯಲ್ಲಿ ಸುತ್ತುತ್ತದೆ. ಹಿಂದಿನಿಂದ ತೆರೆ ಬರುತ್ತಿರುತ್ತದೆ. ಆಗ ಬೋಟಿನವನು ತೆರೆಯುವ ಪುಸ್ತಕ ಯಾವ ಭಾಷೆಯಲ್ಲಿದೆ? ಇಂಗ್ಲಿಷಿನಲ್ಲಿ! ಅವನ ಮನೆಮಾತು ತುಳು ಇರಬಹುದು, ಕೊಂಕಣಿ ಇರಬಹುದು, ಕುಂದಗನ್ನಡ ಇರಬಹುದು. ಶಾಲೆಯಲ್ಲಿ ಕಲಿತ ಅಕ್ಷರ ಮಾತ್ರ ಕನ್ನಡ. ಆ ಅಕ್ಷರದಲ್ಲಿ ಅವನಿಗೆ ಒಂದು ಸಾಲೂ ಸಿಗುವುದಿಲ್ಲ.

ಕೇಳಿದರೆ ಬುದ್ಧಿವಂತರು ಏನು ಹೇಳುತ್ತಾರೆ? "ಇದೆಲ್ಲಾ ಟೆಕ್ನಿಕಲ್ ಸ್ವಾಮಿ, ಕನ್ನಡದಲ್ಲಿ ಆಗೋದಿಲ್ಲ." ಆಗುವುದಿಲ್ಲವೇ? ನೋಡಿಯೇ ಬಿಡೋಣ. ಬಂದರಿನ ಮೆಕ್ಯಾನಿಕ್ಕುಗಳು ದಿನಾ ಮಾಡುವ ಕೆಲಸವನ್ನೇ ಇಲ್ಲಿ ಬರೆಯುತ್ತೇನೆ. ಅರ್ಥವಾಗದಿದ್ದರೆ ಪತ್ರಿಕೆ ಹರಿದು ಹಾಕಿ.

ಒಂದು. ಎಲ್ಲ ಮೀಟರುಗಳೂ ಒಟ್ಟಿಗೆ ಸತ್ತರೆ ಮೀಟರನ್ನು ಬೈಯಬೇಡಿ. ನಾಲ್ಕು ಮೀಟರು ಒಂದೇ ಗಳಿಗೆಯಲ್ಲಿ ಕೆಡುವುದು ಅಪರೂಪ. ನಾಲ್ಕಕ್ಕೂ ಹಂಚಿಕೆಯಾದದ್ದನ್ನು ನೋಡಿ: ಬ್ಯಾಟರಿ, ಫ್ಯೂಸು, ಕೀ ಸ್ವಿಚ್ಚು, ಅರ್ಥ್ ವೈರು. ಚೆನ್ನಾಗಿ ಚಾರ್ಜ್ ಆದ 12 ವೋಲ್ಟಿನ ಬ್ಯಾಟರಿ ಸುಮ್ಮನಿದ್ದಾಗ ಸುಮಾರು 12.6 ತೋರಿಸಬೇಕು. 12ಕ್ಕೆ ಇಳಿದಿದ್ದರೆ ಬಹುಪಾಲು ಖಾಲಿ ಎಂದರ್ಥ. ಲೈಟು ಹಾಕಿದೊಡನೆ ಎಲ್ಲ ಮುಳ್ಳುಗಳೂ ಒಟ್ಟಿಗೆ ಕುಣಿದರೆ ಮೊದಲು ಅರ್ಥ್ ವೈರಿನ ಮೇಲೆ ಅನುಮಾನ ಪಡಿ. ಕಳಚಿ, ಉಜ್ಜಿ, ಬಿಗಿ ಮಾಡಿ. ಬಿಚ್ಚುವ ಮುಂಚೆ ಬ್ಯಾಟರಿಯ ಸಂಪರ್ಕ ತೆಗೆಯಿರಿ.

ಎರಡು. ಪೆಟ್ರೋಲ್ ಮೀಟರು ಒಂದೇ ಸತ್ತಿದ್ದರೆ ಅದರ ಬೆನ್ನು ನೋಡಿ. ಸಾಮಾನ್ಯವಾಗಿ ಮೂರು ತುದಿಗಳಿರುತ್ತವೆ. 'ಐ' ಎಂದರೆ ಕೀಯಿಂದ ಬರುವ ಕರೆಂಟು, 'ಜಿ' ಎಂದರೆ ಅರ್ಥ್, 'ಎಸ್' ಎಂದರೆ ಟ್ಯಾಂಕಿನ ಸೆಂಡರಿನಿಂದ ಬರುವ ವೈರು. ಕೀ ಹಾಕಿ ಐ ಮತ್ತು ಜಿ ನಡುವೆ 12 ವೋಲ್ಟು ಇದೆಯೇ ನೋಡಿ. ಇದ್ದರೆ ಎಸ್ ವೈರನ್ನು ಕಳಚಿ. ಮುಳ್ಳು ಒಂದು ಕೊನೆಗೆ ಹೋಗಬೇಕು. ಆಮೇಲೆ ಎಸ್ ತುದಿಯನ್ನು ಜಿ ತುದಿಗೆ ಕ್ಷಣಕಾಲ ಮುಟ್ಟಿಸಿ. ಮುಳ್ಳು ಇನ್ನೊಂದು ಕೊನೆಗೆ ಓಡಬೇಕು. ಓಡಿದರೆ ಮೀಟರು ಸರಿ ಇದೆ. ತಪ್ಪು ವೈರಿನಲ್ಲಿ ಅಥವಾ ಟ್ಯಾಂಕಿನ ಸೆಂಡರಿನಲ್ಲಿ. ಓಡದಿದ್ದರೆ ಮೀಟರೇ ಕೆಟ್ಟಿದೆ. ತಪ್ಪಿ ಐ ತುದಿಯನ್ನು ಜಿಗೆ ಮುಟ್ಟಿಸಿದಿರೋ, ಫ್ಯೂಸು ಹೋಯಿತು! ಈ ಪರೀಕ್ಷೆ ಮೀಟರಿನ ಬೆನ್ನಲ್ಲೇ ಆಗಲಿ, ಟ್ಯಾಂಕಿನ ಬಾಯಲ್ಲಿ ಬೇಡ. ಪೆಟ್ರೋಲ್ ಆವಿಗೆ ಒಂದು ಕಿಡಿ ಸಾಕು.

ಹೊಸ ಸೆಂಡರು ಕೊಳ್ಳುವಾಗಲೂ ಎಚ್ಚರ. ಅಮೆರಿಕದ ಮಾದರಿಯದು ಟ್ಯಾಂಕು ಖಾಲಿ ಇದ್ದಾಗ 240 ಓಮ್, ತುಂಬಿದಾಗ 33 ಓಮ್ ಆಸುಪಾಸು ತೋರಿಸುತ್ತದೆ. ಯುರೋಪಿನದು ಖಾಲಿಗೆ 10, ತುಂಬಿದ್ದಕ್ಕೆ 180. ಒಂದರ ಮೀಟರಿಗೆ ಇನ್ನೊಂದರ ಸೆಂಡರು ಕಟ್ಟಿದರೆ ಖಾಲಿ ಟ್ಯಾಂಕು ತುಂಬಿದಂತೆ ಕಾಣುತ್ತದೆ. ನಡುಗಡಲಲ್ಲಿ ಇದು ತಮಾಷೆಯಲ್ಲ.

ಮೂರು. ಟ್ರಿಮ್ ಕೆಟ್ಟರೆ ಮೊದಲು ಕಿವಿಗೊಡಿ. ಸ್ವಿಚ್ಚು ಒತ್ತಿದಾಗ 'ಟಕ್' ಎಂಬ ಸದ್ದೇ ಇಲ್ಲವೇ? ಫ್ಯೂಸು, ಸ್ವಿಚ್ಚು, ಅದರ ವೈರು ನೋಡಿ. ಟಕ್ ಎನ್ನುತ್ತದೆ, ಮೋಟರು ತಿರುಗುವುದಿಲ್ಲವೇ? ರಿಲೇ, ದಪ್ಪ ಕೇಬಲ್ಲು, ಮೋಟರಿನ ಬ್ರಷ್ಷು ನೋಡಿ, ಬ್ಯಾಟರಿಯನ್ನೂ ಮರೆಯಬೇಡಿ. ಮೋಟರು ತಿರುಗಿದರೂ ಎಂಜಿನ್ ಅಲ್ಲಾಡುವುದಿಲ್ಲವೇ? ಹಾಗಾದರೆ ತಪ್ಪು ಕರೆಂಟಿನದಲ್ಲ. ಆಯಿಲ್ ಇಳಿದಿರಬಹುದು ಅಥವಾ ಕೈಯಿಂದ ಸಡಿಲಿಸುವ ಸ್ಕ್ರೂ ತೆರೆದೇ ಉಳಿದಿರಬಹುದು. ಏಳುತ್ತದೆ, ಇಳಿಯುವುದಿಲ್ಲ ಎಂದರೆ ಎರಡು ರಿಲೇಗಳನ್ನು ಅದಲು ಬದಲು ಮಾಡಿ. ಹೆಚ್ಚಿನ ಎಂಜಿನ್ನುಗಳಲ್ಲಿ ಎರಡೂ ಒಂದೇ ನಮೂನೆಯವು. ಈಗ ಇಳಿಯುತ್ತದೆ, ಏಳುವುದಿಲ್ಲ ಎಂದಾದರೆ ಕಳ್ಳ ಸಿಕ್ಕಿಬಿದ್ದ! ಬದಲಾಗದಿದ್ದರೆ ಸ್ವಿಚ್ಚು ಮತ್ತು ವೈರು ಹುಡುಕಿ. ಅನೇಕ ಎಂಜಿನ್ನುಗಳಲ್ಲಿ ಮೇಲಕ್ಕೆ ನೀಲಿ ವೈರು, ಕೆಳಕ್ಕೆ ಹಸಿರು.

ಕಡಲಲ್ಲೇ ಸಿಕ್ಕಿಹಾಕಿಕೊಂಡರೆ ಆ ಸ್ಕ್ರೂ ಸಡಿಲಿಸಿ ಎಂಜಿನ್ನನ್ನು ಕೈಯಿಂದಲೇ ಏರಿಸಬಹುದು, ಇಳಿಸಬಹುದು. ಮೊದಲು ಎಂಜಿನ್ನಿಗೆ ಆಸರೆ ಕೊಡಿ. ಧಡಾರನೆ ಬಿದ್ದರೆ ಕೈ ಹೋಗುತ್ತದೆ. ಈ ಒಂದು ಸಾಲು ಕನ್ನಡದಲ್ಲಿ ಎಂಜಿನ್ನಿನ ಮೇಲೆ ಅಂಟಿಸಿದ್ದರೆ ಸಾಕು, ಎಷ್ಟೋ ಜನರ ಬೆರಳು ಉಳಿದೀತು.

ಇದೆಲ್ಲದರ ಮೂಲ ಏನು? ಕಿಲುಬು. ಉಪ್ಪುನೀರು ತಾಮ್ರದ ವೈರಿನೊಳಗೆ ಇಳಿದು ಹಸಿರುಗಟ್ಟಿಸುತ್ತದೆ. ಮೇಲೆ ನೋಡಿದರೆ ವೈರು ಹೊಚ್ಚ ಹೊಸದು, ಒಳಗೆ ಪುಡಿಪುಡಿ. ಮಲ್ಟಿಮೀಟರು 12 ವೋಲ್ಟು ತೋರಿಸಿ ನಿಮ್ಮನ್ನು ಮೋಸ ಮಾಡುತ್ತದೆ. ಸ್ವಿಚ್ಚು ಒತ್ತಿ ಹಿಡಿದು ನೋಡಿ. ಬ್ಯಾಟರಿಯಲ್ಲಿ 12 ಇದ್ದೂ ಮೋಟರಿನ ಬಳಿ 8ಕ್ಕೋ 6ಕ್ಕೋ ಕುಸಿದರೆ ದಾರಿಯಲ್ಲೆಲ್ಲೋ ಕಿಲುಬು ಕುಳಿತಿದೆ. ಅದಕ್ಕೇ ಬೋಟಿಗೆ ತವರದ ಲೇಪವಿರುವ ತಾಮ್ರದ ವೈರೇ ಬೇಕು.

ಈಗ ಹೇಳಿ, ಇದರಲ್ಲಿ ಯಾವುದು ಕನ್ನಡದಲ್ಲಿ ಆಗಲಿಲ್ಲ? ಫ್ಯೂಸು, ರಿಲೇ ಇಂಗ್ಲಿಷ್ ಪದ ಎನ್ನುತ್ತೀರಾ? ಇರಲಿ! ಬಸ್ಸು, ರೈಲು ನಮ್ಮದಾದಂತೆ ಅವೂ ನಮ್ಮದಾಗಿವೆ. ಫ್ಯೂಸಿಗೆ ಗೇಣುದ್ದದ ಸಂಸ್ಕೃತ ಪದ ಕಟ್ಟಿ ಮೆಕ್ಯಾನಿಕ್ಕನನ್ನು ಓಡಿಸುವ ಪಂಡಿತರೂ ಬೇಡ, ಕನ್ನಡಕ್ಕೆ ತಾಕತ್ತಿಲ್ಲ ಎನ್ನುವ ಸೂಟುಬೂಟಿನವರೂ ಬೇಡ.

ಕಂಪನಿಯವರು ಮಾರುಕಟ್ಟೆ ಚಿಕ್ಕದು ಎನ್ನುತ್ತಾರೆ. ಯುರೋಪಿನ 2013ರ ವಿಹಾರ ದೋಣಿಗಳ ಕಾನೂನು ಏನು ಹೇಳುತ್ತದೆ ಗೊತ್ತೇ? ಮಾಲೀಕನ ಕೈಪಿಡಿ ಆಯಾ ದೇಶದ ಗ್ರಾಹಕನಿಗೆ ಸುಲಭವಾಗಿ ತಿಳಿಯುವ ಭಾಷೆಯಲ್ಲಿರಬೇಕು. ಅದು ಯಾವ ಭಾಷೆಯೆಂದು ಆ ದೇಶವೇ ತೀರ್ಮಾನಿಸುತ್ತದೆ! ಫಿನ್ಲೆಂಡಿನ ಜನಸಂಖ್ಯೆ ಅರವತ್ತು ಲಕ್ಷಕ್ಕೂ ಕಡಿಮೆ. 2011ರ ಜನಗಣತಿಯಂತೆ ಕನ್ನಡ ಮನೆಮಾತಿನವರು 4.37 ಕೋಟಿ. ಅವರು ಕಾನೂನು ಮಾಡಿ ಕೇಳಿದರು, ನಾವು ಕೇಳಲೇ ಇಲ್ಲ. ಕೇಳದೆ ಕೊಡಲು ಕಂಪನಿಯವರೇನು ನಮ್ಮ ಸೋದರಮಾವಂದಿರೇ?

ಖರ್ಚಿನ ನೆಪವನ್ನಂತೂ ನನ್ನ ಮುಂದೆ ಹೇಳಬೇಡಿ. ನಾನು ಪ್ರೆಸ್ಸಿನವನು. ಮೇಲೆ ಬರೆದದ್ದೆಲ್ಲ ಒಂದು ಹಾಳೆಯ ಎರಡು ಮಗ್ಗುಲಿಗೆ ಹಿಡಿಸುತ್ತದೆ. ಒಂದೇ ಬಣ್ಣ ಸಾಕು. ನೀರು ತಾಗದಂತೆ ಲ್ಯಾಮಿನೇಶನ್ ಮಾಡಿಸಿದರೆ ಬೋಟಿನಲ್ಲೇ ನೇತುಹಾಕಬಹುದು. ಲಕ್ಷಗಟ್ಟಲೆಯ ಎಂಜಿನ್ ಮಾರುವವನಿಗೆ ಈ ಹಾಳೆ ಭಾರವೇ?

ಆದ್ದರಿಂದ ಗೆಳೆಯರೇ, ನಮ್ಮ ಬೇಡಿಕೆ ಸ್ಪಷ್ಟವಾಗಿರಲಿ. ಕರ್ನಾಟಕದಲ್ಲಿ ಮಾರುವ ಪ್ರತಿ ಬೋಟ್ ಎಂಜಿನ್ನಿನ ಜೊತೆ ಕನ್ನಡದ ಕೈಪಿಡಿ, ಕನ್ನಡದ ವೈರಿಂಗ್ ನಕ್ಷೆ ಬರಬೇಕು. ಸರ್ಕಾರ ಬೋಟು ಕೊಳ್ಳುವಾಗ ಟೆಂಡರಿನಲ್ಲೇ ಈ ಷರತ್ತು ಹಾಕಬೇಕು. ಕನ್ನಡದ ಕೈಪಿಡಿ ಇಲ್ಲವೇ? ಬಿಲ್ ಪಾಸಾಗಬಾರದು!

ಇನ್ನು ಎಂಜಿನಿಯರಿಂಗ್, ಐಟಿಐ ಓದುತ್ತಿರುವ ನಿಮಗೊಂದು ಮಾತು. ಘೋಷಣೆ ಕೂಗುವ ಗಂಟಲು ನಿಮಗಿದೆ, ನಕ್ಷೆ ಓದುವ ವಿದ್ಯೆಯೂ ಇದೆ. ಮುಂದಿನ ರಜೆಯಲ್ಲಿ ಮಲ್ಪೆಗೋ ಗಂಗೊಳ್ಳಿಗೋ ಕಾರವಾರಕ್ಕೋ ಹೋಗಿ. ಮೆಕ್ಯಾನಿಕ್ಕನ ಪಕ್ಕದಲ್ಲಿ ಕುಳಿತು, ಅವನು ಆಡುವ ಮಾತಿನಲ್ಲೇ ಒಂದೊಂದು ಎಂಜಿನ್ನಿಗೆ ಒಂದೊಂದು ಹಾಳೆ ಬರೆಯಿರಿ. ಬರೆದದ್ದನ್ನು ಅವನ ಕೈಯಲ್ಲೇ ತಿದ್ದಿಸಿ. ಅಚ್ಚು ಹಾಕಿಕೊಡಲು ನನ್ನಂಥ ಪ್ರೆಸ್ಸಿನವರು ಊರೂರಲ್ಲಿ ಇದ್ದೇವೆ. ಬೋರ್ಡು ಬದಲಿಸಿದ ಕೈಗಳೇ, ಇನ್ನು ಸ್ಪ್ಯಾನರ್ ಹಿಡಿಯಿರಿ!