ಬಿಸ್ಕೆಟ್ ಪ್ಯಾಕೆಟ್ ಹಿಂದೆಯೂ ಇದೆ ಕೆಲಸ: ತಿಪಟೂರಿನ ಯುವಕರು ಬೆಂಗಳೂರು ಬಸ್ಸನ್ನೇ ಹತ್ತಬೇಕಾ?

ತಿಪಟೂರು: ಡಿಗ್ರಿ ಮುಗಿಸಿದರೂ ಅಷ್ಟೆ, ಅರ್ಧಕ್ಕೆ ಬಿಟ್ಟರೂ ಅಷ್ಟೆ, ತಾಲ್ಲೂಕಿನ ಎಷ್ಟೋ ಹುಡುಗರಿಗೆ ಕಾಣೋದು ಎರಡೇ ದಾರಿ. ಒಂದು, ಸರ್ಕಾರಿ ನೌಕರಿಗೆ ಅರ್ಜಿ ಹಾಕಿ ಕಾಯೋದು. ಇನ್ನೊಂದು, ಬೆಂಗಳೂರಿಗೆ ಹೋಗಿ ಬೈಕಲ್ಲಿ ಡೆಲಿವರಿ ಮಾಡೋದು. ಆದರೆ ಅವರು ಅಲ್ಲಿ ಮನೆಮನೆಗೆ ಹೊತ್ತು ತಲುಪಿಸುವ ಕೊಬ್ಬರಿ ಬಿಸ್ಕೆಟ್, ಬೇಕರಿ ತಿಂಡಿ, ಸ್ವೀಟುಗಳಿಗೆ ಬೇಕಾದ ಡಿಸಿ ಪೌಡರ್ (ಒಣಗಿಸಿದ ತೆಂಗಿನ ತುರಿ) ತಯಾರಾಗುವ ಊರುಗಳಲ್ಲಿ ನಮ್ಮದೂ ಒಂದು.

ತಿಪಟೂರು ಅಂದರೆ ಎಲ್ಲರಿಗೂ ನೆನಪಾಗೋದು ಉಂಡೆ ಕೊಬ್ಬರಿ. ಅದು ಎಪಿಎಂಸಿಯಲ್ಲಿ ಹರಾಜಾಗಿ, ಚೀಲ ಸೇರಿ, ಉತ್ತರ ಭಾರತಕ್ಕೆ ಹೋಗುತ್ತದೆ. ಅಲ್ಲಿಗೆ ನಮ್ಮೂರಿನ ಕೆಲಸ ಮುಗಿಯಿತು. ಪೌಡರ್ ಕಥೆ ಹಾಗಲ್ಲ. ಕಾಯಿ ಸುಲಿದು, ಚಿಪ್ಪು ಬಿಡಿಸಿ, ಕಂದು ಸಿಪ್ಪೆ ಹೆರೆದು, ತೊಳೆದು, ತುರಿದು, ಡ್ರೈಯರ್‌ನಲ್ಲಿ ಒಣಗಿಸಿ, ಜರಡಿ ಹಿಡಿದು ಪ್ಯಾಕ್ ಮಾಡಬೇಕು. ತೇವಾಂಶ ಸುಮಾರು ಶೇ 3ರೊಳಗೆ ಇರಬೇಕು, ಹೆಚ್ಚಾದರೆ ಮಾಲು ಕೆಡುತ್ತದೆ. ಹೆಜ್ಜೆ ಹೆಚ್ಚಿದಷ್ಟೂ ಕೈಗಳು ಬೇಕು.

ಯಾರಿಗೆ ಯಾವ ಕೆಲಸ?

ಅಂಗಡಿಯಲ್ಲಿರುವ ಯಾವುದೇ ಪ್ಯಾಕೆಟ್ ತಿರುಗಿಸಿ ನೋಡಿ. ಬ್ಯಾಚ್ ನಂಬರ್, ತಯಾರಾದ ದಿನ, ನಿವ್ವಳ ತೂಕ, 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರುತ್ತವೆ. ಒಂದೊಂದು ಸಾಲಿನ ಹಿಂದೆಯೂ ಒಬ್ಬರ ಸಂಬಳವಿದೆ. ಮಾಲು ಪರೀಕ್ಷೆಗೆ ಬಿಎಸ್ಸಿ ಕೆಮಿಸ್ಟ್ರಿ, ಮೈಕ್ರೋಬಯಾಲಜಿ ಓದಿದವರು ಬೇಕು. ಮೆಷಿನ್ ರಿಪೇರಿಗೆ ಐಟಿಐ ಫಿಟ್ಟರ್, ಎಲೆಕ್ಟ್ರಿಷಿಯನ್. ಜಿಎಸ್‌ಟಿ, ಇ-ವೇ ಬಿಲ್‌ಗೆ ಬಿಕಾಂನವರು. ಬಾಯ್ಲರ್ ನಡೆಸೋಕೆ ಬೇರೆಯೇ ಸರ್ಟಿಫಿಕೇಟ್ ಇದೆ.

ಕಾಲೇಜು ಬಿಟ್ಟವರಿಗೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಲೈಸೆನ್ಸ್ ಪಡೆದ ಆಹಾರ ಘಟಕಗಳಲ್ಲಿ 25 ಕೆಲಸಗಾರರಿಗೆ ಒಬ್ಬರಂತೆ ತರಬೇತಿ ಪಡೆದ ಆಹಾರ ಸುರಕ್ಷತಾ ಮೇಲ್ವಿಚಾರಕ ಇರಬೇಕು. ಇದಕ್ಕಿರುವ ಫೋಸ್ಟ್ಯಾಕ್ ತರಬೇತಿ ಚಿಕ್ಕದು, ವರ್ಷಗಟ್ಟಲೆ ಕೂರಬೇಕಿಲ್ಲ. ಫ್ಯಾಕ್ಟರಿಯಲ್ಲಿ ಒಂದೆರಡು ವರ್ಷ ಕೈ ಪಳಗಿದವನಿಗೆ ಈ ಕಾಗದ ಉಪಯೋಗಕ್ಕೆ ಬರುತ್ತದೆ. ಬರೀ ಕಾಗದ ಹಿಡಿದು ಹೋದರೆ ಮಾತ್ರ ಕಷ್ಟ.

ಸ್ವಂತಕ್ಕೆ ಮಾಡೋರಿಗೆ

2020ರಲ್ಲಿ ಶುರುವಾದ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಣ್ಣ ಆಹಾರ ಘಟಕಗಳಿಗೆ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ಇಡಲಾಗಿದೆ. ರಾಜ್ಯ ಸರ್ಕಾರ ತನ್ನ ಪಾಲು ಸೇರಿಸಿ ಇದನ್ನು ಶೇ 50ಕ್ಕೆ, ಗರಿಷ್ಠ 15 ಲಕ್ಷಕ್ಕೆ ಏರಿಸಿತು. ಕೇಳೋಕೆ ಚೆನ್ನಾಗಿದೆ. ಆದರೆ ಕನಿಷ್ಠ ಶೇ 10ರಷ್ಟು ಸ್ವಂತ ಹಣ ಹಾಕಬೇಕು, ಉಳಿದದ್ದು ಬ್ಯಾಂಕ್ ಸಾಲ. ಸಹಾಯಧನ ಕೈಗೆ ಬರೋದಿಲ್ಲ. ಮೂರು ವರ್ಷ ಘಟಕ ನಡೆದು, ಸಾಲದ ಕಂತು ಸರಿಯಾಗಿದ್ದರೆ ಮಾತ್ರ ಸಾಲಕ್ಕೆ ಜಮೆಯಾಗುತ್ತದೆ. ಸಬ್ಸಿಡಿ ನಂಬಿಕೊಂಡು ಸಾಲ ಮಾಡುವವರು ಎಡವೋದು ಇಲ್ಲೇ.

ಈ ವಿಷಯದಲ್ಲಿ ಅಂಗಡಿಯವರ ಮಾತಿಗೆ ಬೆಲೆ ಇದೆ. ಯಾವ ಮಾಲು ವಾರದಲ್ಲಿ ಖಾಲಿ, ಯಾವುದು ಡೇಟ್ ಮುಗಿದು ವಾಪಸ್, 10 ರೂಪಾಯಿ ಪ್ಯಾಕೆಟ್ ಓಡುತ್ತಾ 50ರದ್ದು ಓಡುತ್ತಾ ಅನ್ನೋದು ಅವರಿಗೆ ಗೊತ್ತಿರುವಷ್ಟು ಬ್ಯಾಂಕ್ ಮ್ಯಾನೇಜರಿಗೂ ಗೊತ್ತಿರಲ್ಲ. ಮೆಷಿನ್ ಕೊಳ್ಳುವ ಮುಂಚೆ ನಾಲ್ಕು ಅಂಗಡಿ ಸುತ್ತಿ ಕೇಳೋದು ಒಳ್ಳೇದು.

ಸೇರುವ ಮುಂಚೆ ಕೇಳಿ

ಹಾಗಂತ ಫ್ಯಾಕ್ಟರಿ ಕೆಲಸವೆಲ್ಲ ಬಂಗಾರ ಅಂತಲ್ಲ. ಗುತ್ತಿಗೆದಾರನ ಮೂಲಕ ಸೇರಿದರೆ ಸಂಬಳ ಕೊಡೋರು ಯಾರು, ರಜೆ ಎಷ್ಟು ಅನ್ನೋದೇ ಗೊತ್ತಾಗಲ್ಲ. ಸಾಮಾನ್ಯವಾಗಿ 10 ಮಂದಿಗಿಂತ ಕಡಿಮೆ ಇಲ್ಲದ ಕಡೆ ಇಎಸ್‌ಐ, 20 ಮಂದಿ ಇದ್ದರೆ ಪಿಎಫ್ ಅನ್ವಯವಾಗುತ್ತದೆ. ನೇಮಕಾತಿ ಪತ್ರ, ಪಿಎಫ್ ನಂಬರ್ ಕೇಳೋಕೆ ಸಂಕೋಚ ಬೇಡ. ಬೆಂಗಳೂರಿನ ರೂಮ್ ಬಾಡಿಗೆ, ಪೆಟ್ರೋಲ್, ಊಟದ ಖರ್ಚು ಕಳೆದು ಅಲ್ಲಿ ಉಳಿಯೋದೆಷ್ಟು, ಮನೆಯಿಂದ ಓಡಾಡಿಕೊಂಡು ಇಲ್ಲಿ ಉಳಿಯೋದೆಷ್ಟು ಅಂತ ಒಂದು ಹಾಳೆಯಲ್ಲಿ ಬರೆದು ನೋಡಿ, ಆಮೇಲೆ ಬಸ್ ಹತ್ತೋದೋ ಬೇಡವೋ ತೀರ್ಮಾನಿಸಬಹುದು.